ಕಾವಲೂ ಬೇಕು, ಮಾನವೂ ಬೇಕು

ಹೆಬ್ಬಾಳ, ಯಲಹಂಕಗಳನ್ನು ಹಾದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣವನ್ನು ಸೇರುವ ಪ್ರಯಾಣಿಕನು ವಿಮಾನವೇರುವ ಮೊದಲು ತಪಾಸಣೆಗೆ ಒಳಗಾಗಲೇಬೇಕು. ಒಬ್ಬನ ದುರ್ಬುದ್ಧಿ ನೂರಾರು ಜನರ ಪ್ರಾಣಕ್ಕೆ ಎರವಾಗಬಹುದಾದ್ದರಿಂದ ಇದಕ್ಕಾಗಿ ಯಾರೂ ಬೇಸರಿಸುವಂತಿಲ್ಲ. ಆದರೆ ತಪಾಸಣೆಯ ಮೇರೆ ಯಾವುದು? ಉಟ್ಟ ಬಟ್ಟೆಯ ಒಳಗನ್ನೂ ಕಾಣಬಲ್ಲ ಯಂತ್ರಗಳು ಬಂದ ಮೇಲೆ ಉತ್ತರ ಹೇಳದೆ ವಿಧಿಯಿಲ್ಲ.

ಲೋಹಶೋಧಕಕ್ಕೆ ಲೋಹವಲ್ಲದ ಸ್ಫೋಟಕ ಕಾಣದು. 2009ರ ಕ್ರಿಸ್‌ಮಸ್ ದಿನ ಆಮ್‌ಸ್ಟರ್‌ಡಾಮಿನಿಂದ ಡೆಟ್ರಾಯಿಟಿಗೆ ಹೊರಟ ವಿಮಾನದಲ್ಲಿ ಒಬ್ಬನು ಒಳ ಉಡುಪಿನಲ್ಲಿಯೇ ಸ್ಫೋಟಕವನ್ನು ಅಡಗಿಸಿ ತಂದಿದ್ದನು. ಅನಂತರ ಇಡೀ ದೇಹವನ್ನು ಶೋಧಿಸುವ ಸ್ಕ್ಯಾನರ್‌ಗಳು ಬೇಗ ಹರಡಿದವು. ಅವುಗಳಲ್ಲಿ ಒಂದು ಬಗೆಯವು ಕ್ಷ-ಕಿರಣವನ್ನು ಬಳಸಿದರೆ, ಇನ್ನೊಂದು ಬಗೆಯವು ಮಿಲಿಮೀಟರ್ ರೇಡಿಯೋ ಅಲೆಗಳನ್ನು ಬಳಸುತ್ತವೆ. ಕ್ಷ-ಕಿರಣದ ಪ್ರಮಾಣ ಅತ್ಯಲ್ಪವೇ ಆದರೂ, ಜನರ ಆರೋಗ್ಯಕ್ಕೆ ಅಪಾಯದ ಶಂಕೆಯೂ ಬೇಡವೆಂದು ಯುರೋಪಿಯನ್ ಒಕ್ಕೂಟವು 2011ರಲ್ಲಿ ಅದನ್ನು ಹೊರಗಿಟ್ಟಿತು. ದೇಹವನ್ನು ಬೆತ್ತಲೆಯಾಗಿ ತೋರಿಸದೆ ಬರಿಯ ಗೊಂಬೆಯ ರೇಖೆಯನ್ನು ಮಾತ್ರ ತೋರಿಸಬೇಕೆಂದು ಅಮೆರಿಕದ ಶಾಸನಸಭೆ ವಿಧಿಸಿತು. ಹಾಗೆ ತಿದ್ದಲಾಗದ ಕ್ಷ-ಕಿರಣ ಯಂತ್ರಗಳು 2013ರಲ್ಲಿ ಅಲ್ಲಿಯ ನಿಲ್ದಾಣಗಳಿಂದ ಹೊರಬಿದ್ದವು. ಕಾನೂನು ಪಟ್ಟು ಹಿಡಿದರೆ ಯಂತ್ರವೂ ಮರ್ಯಾದೆಯನ್ನು ಕಲಿಯುತ್ತದೆ.

ಭಾರತದಲ್ಲಿಯೂ 2019ರ ಏಪ್ರಿಲ್‌ನಲ್ಲಿ 84 ವಿಮಾನ ನಿಲ್ದಾಣಗಳಿಗೆ ಸ್ಕ್ಯಾನರ್‌ಗಳನ್ನು ಅಳವಡಿಸುವ ಆದೇಶ ಹೊರಟಾಗ, ಮಿಲಿಮೀಟರ್ ಅಲೆಯ ಯಂತ್ರ ಮತ್ತು ಗೊಂಬೆಯಂಥ ಚಿತ್ರವನ್ನೇ ಆರಿಸಲಾಯಿತು. ಆದರೆ ಯಂತ್ರ ಒಳ್ಳೆಯದಾದ ಮಾತ್ರಕ್ಕೆ ಕೆಲಸ ಮುಗಿಯದು. ತಪಾಸಣೆಯ ವೇಳೆ ಪದೇಪದೇ ಕೃತಕ ಕಾಲನ್ನು ಕಳಚಿಸುವರೆಂದು ನರ್ತಕಿ ಸುಧಾ ಚಂದ್ರನ್ ಅವರು 2021ರಲ್ಲಿ ಬಹಿರಂಗವಾಗಿ ನೊಂದು ನುಡಿದರು. ಕಾವಲು ಪಡೆ ಕ್ಷಮೆ ಕೇಳಬೇಕಾಯಿತು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದರ ಚೀಟಿಯನ್ನು ತೋರಿಸಿ, ಕೈ ಲೋಹಶೋಧಕವನ್ನು ಅದರ ಮೇಲೆ ಹಿಡಿದು ನಿಲ್ಲಿಸಬಾರದೆಂದು ಕೇಳಬೇಕು; ಕೇಳಿದವರನ್ನು ಸಂಶಯದಿಂದ ನೋಡಬಾರದು.

ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅವರು ಹೂಡಿದ ದಾವೆಯ ಫಲವಾಗಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಅದನ್ನು ಮೊಟಕುಗೊಳಿಸಲು ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕ ಮಿತಿಯೂ ಬೇಕು.

ತಪಾಸಣೆಯ ಸಾಲಿನಲ್ಲಿಯೂ ಇದೇ ಅಳತೆಗೋಲು ಸಲ್ಲಬೇಕು. ಹೊಲಕ್ಕೆ ಬೇಲಿ ಅಗತ್ಯ. ಆದರೆ ಬೇಲಿಯೇ ಹೊಲವನ್ನು ಮೇಯಬಾರದು.