ಮುಖದ ಆರೈಕೆಯೂ ಔಷಧದ ಮೇರೆಯೂ

ಮುಖವನ್ನು ಒಪ್ಪವಾಗಿ ಇರಿಸಿಕೊಳ್ಳಬೇಕೆಂಬ ಆಸೆಯನ್ನು ಹೆಂಗಸರಲ್ಲಿ ಕಂಡರೆ ಚಾಪಲ್ಯವೆಂದೂ ಗಂಡಸರಲ್ಲಿ ಕಂಡರೆ ಪೌರುಷಕ್ಕೆ ಒಪ್ಪದ ಗೀಳೆಂದೂ ಹಳಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಈ ಎಣಿಕೆ ನ್ಯಾಯವಾದುದೂ ಅಲ್ಲ, ನಮ್ಮ ಸಂಪ್ರದಾಯಕ್ಕೆ ಸಮ್ಮತವಾದುದೂ ಅಲ್ಲ. ಯುಗಾದಿಯ ದಿನ, ನರಕಚತುರ್ದಶಿಯ ದಿನ ಎಣ್ಣೆ ಹಚ್ಚಿಸಿಕೊಂಡು ಸೀಗೆಪುಡಿ ಕಡಲೆಹಿಟ್ಟುಗಳಿಂದ ಮೈ ತಿಕ್ಕಿಸಿಕೊಂಡು ಅಭ್ಯಂಜನ ಮಾಡುವುದರಲ್ಲಿ ಗಂಡು ಹೆಣ್ಣೆಂಬ ಭೇದ ಎಂದೂ ಇರಲಿಲ್ಲ. ಮದುವೆಯ ಮನೆಯಲ್ಲಿ ಅರಿಶಿನವೆಣ್ಣೆಯ ಶಾಸ್ತ್ರ ವಧುವಿಗೆ ಎಷ್ಟು ವಿಹಿತವೋ ವರನಿಗೂ ಅಷ್ಟೇ ವಿಹಿತ. ಮೈಸೂರು ಸಂಸ್ಥಾನವಂತೂ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವತಃ ಕಾರ್ಖಾನೆಯನ್ನು ತೆರೆದು, ಗಂಧದೆಣ್ಣೆಯ ಸಾಬೂನನ್ನು ಪ್ರಜೆಗಳ ಬಚ್ಚಲುಮನೆಗೆ ತಲಪಿಸುವುದನ್ನು ರಾಜ್ಯಕ್ಕೆ ಭೂಷಣವಾದ ಉದ್ಯಮವೆಂದೇ ಭಾವಿಸಿತ್ತು. ದೇಹದ ಶೌಚವೂ ಅಂದವೂ ಮನುಷ್ಯನ ಮರ್ಯಾದೆಯ ಅಂಗಗಳೆಂಬ ತಿಳಿವಳಿಕೆ ನಮಗೆ ಹೊಸದಲ್ಲ.

ಮುಖದ ಮೇಲಣ ಸಣ್ಣ ಊನವೊಂದು ಎಷ್ಟು ದೊಡ್ಡ ಸಂಕಟವಾಗಬಲ್ಲದೆಂಬುದನ್ನು ಅನುಭವಿಸಿದವರೇ ಬಲ್ಲರು. ಮೊಡವೆಯ ಕುಳಿಗಳಿಗೆ ನಾಚಿ ತರಗತಿಯ ಕೊನೆಯ ಬೆಂಚನ್ನು ಹುಡುಕುವ ತರುಣನಿಗೆ, ಬಸುರಿನ ದಿನಗಳಲ್ಲಿ ಕೆನ್ನೆಗೆ ಹರಡಿದ ಬಂಗು ಹೆರಿಗೆಯಾದ ಮೇಲೂ ಹೋಗದೆ ಉಳಿದುದಕ್ಕೆ ಕೊರಗುವ ತಾಯಿಗೆ, ಗಲ್ಲದ ಮೇಲೆ ಮೂಡಿದ ಒರಟು ಕೂದಲನ್ನು ಬಾಗಿಲು ಹಾಕಿಕೊಂಡು ಕೀಳುವ ಹುಡುಗಿಗೆ, ರೂಪಕ್ಕಿಂತ ಗುಣವೇ ದೊಡ್ಡದೆಂಬ ಉಪದೇಶ ಸಾಂತ್ವನವಾಗಲಾರದು. ಅವರು ಕೇಳುವುದು ಪರಿಹಾರವನ್ನು. ಆ ಪರಿಹಾರವನ್ನು, ಶಸ್ತ್ರಕ್ರಿಯೆಯ ಗೊಡವೆಯಿಲ್ಲದೆ, ಬಹುಮಟ್ಟಿಗೆ ಒದಗಿಸುವ ಸಾಮರ್ಥ್ಯ ಇಂದಿನ ಚರ್ಮವೈದ್ಯಕ್ಕೆ ಉಂಟು. ಅದನ್ನು ಪಡೆಯುವುದರಲ್ಲಿ ಗಂಡಸಿಗಾಗಲಿ ಹೆಂಗಸಿಗಾಗಲಿ ಲಜ್ಜೆಪಡತಕ್ಕದ್ದು ಏನೂ ಇಲ್ಲ.

ಇಷ್ಟನ್ನು ಮನಃಪೂರ್ವಕವಾಗಿ ಒಪ್ಪಿದ ಮೇಲೆ ಹೇಳಬೇಕಾದ ಮುಖ್ಯ ಮಾತೊಂದಿದೆ. ಮುಖದ ಮೇಲ್ಮೈಯನ್ನು ಶುಚಿಗೊಳಿಸಿ ಅಂದಗೊಳಿಸುವ ಆರೈಕೆಗೂ, ಚರ್ಮದ ಜೀವವ್ಯಾಪಾರವನ್ನೇ ಮಾರ್ಪಡಿಸುವ ಚಿಕಿತ್ಸೆಗೂ ನಡುವೆ ಒಂದು ಮೇರೆಯುಂಟು. 1940ರ ಔಷಧ ಕಾಯಿದೆಗೆ 1962ರ ತಿದ್ದುಪಡಿಯಲ್ಲಿ ಸೌಂದರ್ಯವರ್ಧಕಗಳನ್ನೂ ಸೇರಿಸಿದಾಗ ನಮ್ಮ ಶಾಸನಕರ್ತರು ಆ ಮೇರೆಯನ್ನು ಗುರುತಿಸಿಯೇ ಇದ್ದರು. ಔಷಧಕ್ಕೆ ಒಂದು ವ್ಯಾಖ್ಯೆ, ಅಲಂಕಾರದ ವಸ್ತುವಿಗೆ ಬೇರೊಂದು ವ್ಯಾಖ್ಯೆ. ಗ್ರಂಥದಲ್ಲಿ ಹೀಗೆ ಸ್ಪಷ್ಟವಾಗಿರುವ ಈ ಭೇದವು ಅಂಗಡಿಯ ಕಪಾಟಿನಲ್ಲಿಯೂ ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿಯೂ ಅಳಿಸಿಹೋಗಿರುವುದೇ ಇಂದಿನ ಅನರ್ಥಗಳಿಗೆ ಮೂಲವೆಂದು ನನ್ನ ದೃಢವಾದ ಅಭಿಪ್ರಾಯ.

ಮೇರೆಯ ಈಚೆ ಇರುವ ಕಸುಬುಗಳನ್ನು ಮೊದಲು ನೋಡೋಣ. ಗಡ್ಡವನ್ನು ಬಿಸಿನೀರಿನಿಂದ ನೆನೆಸಿ ಮೆದುಮಾಡಿ, ನೊರೆ ಹಚ್ಚಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಅಲಗನ್ನು ಹಗುರವಾಗಿ ಎಳೆದು, ಕೊನೆಯಲ್ಲಿ ಪಟಿಕದ ತುಂಡನ್ನು ಒದ್ದೆಮಾಡಿ ಕೆನ್ನೆಗೆ ತೀಡುವ ಕ್ಷೌರಿಕನ ಕೈಯಲ್ಲಿ ತಲೆಮಾರುಗಳ ವಿವೇಕ ಅಡಗಿದೆ. ಕೂದಲ ದಿಕ್ಕಿಗೆ ಎದುರಾಗಿ ಮತ್ತೆ ಮತ್ತೆ ಕೆರೆದರೆ, ಗುಂಗುರಾದ ಕೂದಲು ತುದಿ ಚೂಪಾಗಿ ಚರ್ಮದೊಳಕ್ಕೇ ತಿರುಗಿ ಬೆಳೆದು ಗುಳ್ಳೆಯೆಬ್ಬಿಸುತ್ತದೆಂಬುದನ್ನು ವೈದ್ಯಗ್ರಂಥ ಓದದೆಯೇ ಆತ ಬಲ್ಲ. ಗಿರಾಕಿಯೊಬ್ಬನಿಗೆ ಹೊಸ ಬ್ಲೇಡೊಂದೆಂಬ ನಿಯಮವನ್ನು ಪಾಲಿಸಿದರೆ, ರಕ್ತದ ಮೂಲಕ ಹರಡುವ ಹೆಪಟೈಟಿಸ್ ‘ಬಿ’ಯಂಥ ರೋಗಗಳ ಭಯವೂ ಅಲ್ಲಿ ಬಹಳ ಕಡಿಮೆ. ಹುಬ್ಬನ್ನು ನೂಲಿನಿಂದ ತಿದ್ದುವ ಥ್ರೆಡ್ಡಿಂಗಿನ ಹೆಣ್ಣುಮಗಳ ಕುಶಲತೆಯೂ ಇದೇ ಗೌರವಕ್ಕೆ ಪಾತ್ರವಾದುದು. ಸಣ್ಣ ಊರುಗಳಲ್ಲಿ ಎಷ್ಟೋ ಮಂದಿ ಹೆಂಗಸರು ಈ ಕಸುಬಿನಿಂದ ಸಂಸಾರ ನಡೆಸುತ್ತಿದ್ದಾರೆ. ಅವರ ಜೀವನೋಪಾಯವನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಮುಖಕ್ಕೆ ಬ್ಲೀಚ್ ಹಚ್ಚುವ ಮುನ್ನ ಮೊಳಕೈಯ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ, ಉರಿಯುವುದೋ ಇಲ್ಲವೋ ಎಂದು ಪರೀಕ್ಷಿಸುವಷ್ಟು ತಾಳ್ಮೆ ಇರಲಿ. ಬ್ಲೀಚಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡು ಮುಖದ ಸಣ್ಣ ಕೂದಲಿನ ಕಪ್ಪನ್ನು ತೆಗೆಯಬಲ್ಲದಲ್ಲದೆ ಚರ್ಮದ ಹುಟ್ಟುಬಣ್ಣವನ್ನು ಬದಲಿಸಲಾರದೆಂದು ಗಿರಾಕಿಗೆ ಮುಚ್ಚುಮರೆಯಿಲ್ಲದೆ ಹೇಳುವಷ್ಟು ಪ್ರಾಮಾಣಿಕತೆ ಇರಲಿ. ಇವೆರಡಿದ್ದರೆ ಸಾಕು.

ಇನ್ನು ಮೇರೆಯ ಆಚೆಗಿನ ವಿಷಯ. ಔಷಧದಂಗಡಿಗೆ ಹೋಗಿ ಮುಖಕ್ಕೆ ಏನಾದರೂ ಕೊಡಿರೆಂದು ಕೇಳಿದವರಿಗೆ ಬಹುಸಾರಿ ದೊರೆಯುವ ಆ ಸಣ್ಣ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡತಕ್ಕದ್ದು. ಅದರ ಒಂದು ಮಗ್ಗುಲಲ್ಲಿ ಕೆಂಪು ಗೆರೆಯೊಂದಿರುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆ ಇರುವೆಯ ಸಾಲಿನಂಥ ಅಕ್ಷರಗಳಲ್ಲಿರುತ್ತದೆ. ಅದರ ಸಮೀಪದಲ್ಲಿಯೇ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಮೂರು ಹೆಸರುಗಳಿರುತ್ತವೆ. ಮೊದಲನೆಯದು ಚರ್ಮದಲ್ಲಿ ವರ್ಣದ್ರವ್ಯ ಹುಟ್ಟುವುದನ್ನು ತಡೆಯುತ್ತದೆ, ಎರಡನೆಯದು ಮೇಲ್ಪದರದ ಜೀವಕೋಶಗಳು ಬೇಗಬೇಗನೆ ಕಳಚಿ ಹೊಸವಾಗುವಂತೆ ಮಾಡುತ್ತದೆ, ಮೂರನೆಯದು ಸ್ಟೀರಾಯ್ಡು. ಇಂಥ ಮೂರರ ಕೂಟವನ್ನು 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು ಪ್ರಕಟಪಡಿಸಿದರು. ಬಂಗಿಗೆ, ವೈದ್ಯರ ಕಣ್ಗಾವಲಿನಲ್ಲಿ, ಅಲ್ಪಕಾಲ ಬಳಸಿದರೆ ಇದು ಒಳ್ಳೆಯ ಮದ್ದೇ ಹೌದು. ಆದರೆ ನಮ್ಮಲ್ಲಿ ಇದನ್ನು ನೆರೆಮನೆಯಾಕೆ ಹೇಳಿದಳೆಂದೂ ಅಂಗಡಿಯವನು ಕೊಟ್ಟನೆಂದೂ ಸ್ನೋ ಪೌಡರುಗಳ ಹಾಗೆ ವರ್ಷಗಟ್ಟಲೆ ಹಚ್ಚಿಕೊಳ್ಳುವವರಿದ್ದಾರೆ.

ಮೊದಲ ಕೆಲವು ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಮೊಡವೆಯ ಕೆಂಪು ಇಳಿಯುತ್ತದೆ, ಕಂಡವರು ಮೆಚ್ಚಿ ಮಾತನಾಡುತ್ತಾರೆ. ಆಮೇಲೆ ಸ್ಟೀರಾಯ್ಡು ತನ್ನ ನಿಜಗುಣವನ್ನು ತೋರತೊಡಗುತ್ತದೆ: ಚರ್ಮ ತೆಳುವಾಗಿ ಒಳಗಿನ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಹೊಸ ಮೊಡವೆಗಳು ಗುಂಪುಗುಂಪಾಗಿ ಏಳುತ್ತವೆ, ಕೆನ್ನೆಯ ಮೇಲೆ ಕೂದಲು ಬೆಳೆಯುತ್ತದೆ, ಬಿಸಿಲು ಬಿದ್ದೊಡನೆ ಮುಖ ಕೆಂಡದಂತಾಗುತ್ತದೆ. ಭಯಪಟ್ಟು ಹಚ್ಚುವುದನ್ನು ನಿಲ್ಲಿಸಿದರೆ ಉರಿಯೂ ತುರಿಯೂ ಇಮ್ಮಡಿಸುವುದರಿಂದ, ಆ ಯಾತನೆಯಿಂದ ಪಾರಾಗಲು ಮತ್ತೆ ಅದೇ ಟ್ಯೂಬಿಗೆ ಶರಣಾಗಬೇಕಾಗುತ್ತದೆ. ಹೀಗೆ ಔಷಧವೇ ವ್ಯಸನವಾಗಿ ಪರಿಣಮಿಸುತ್ತದೆ. ಭಾರತದ ಚರ್ಮವೈದ್ಯರು ಈ ದುಃಸ್ಥಿತಿಯನ್ನು ಅಷ್ಟು ಹೆಚ್ಚಾಗಿ ಕಂಡುದರಿಂದ ಅದಕ್ಕೆ ‘ಸ್ಟೀರಾಯ್ಡಿನಿಂದ ಕೆಟ್ಟ ಮುಖ’ ಎಂಬ ಅರ್ಥದ ಪ್ರತ್ಯೇಕ ಹೆಸರನ್ನೇ ಇಡಬೇಕಾಯಿತು. ಅವರ ಸಂಘದ ನಿರಂತರ ಒತ್ತಾಯದ ಅನಂತರ, 2018ರಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ಷೆಡ್ಯೂಲ್ ‘ಎಚ್’ಗೆ ಸೇರಿಸಿ, ಚೀಟಿಯಿಲ್ಲದ ಮಾರಾಟವನ್ನು ನಿಷೇಧಿಸಿತು. ನಿಷೇಧವೇನೋ ರಾಜಪತ್ರದಲ್ಲಿದೆ, ಅಂಗಡಿಯ ಮುಂದೆ ನಿಂತವನಿಗೆ ಚೀಟಿ ಎಲ್ಲಿ ಎಂದು ಕೇಳುವವರು ಮಾತ್ರ ವಿರಳ.

ಇದಕ್ಕಿಂತಲೂ ಭಯಾನಕವಾದುದು, ಹೆಸರು ವಿಳಾಸಗಳಿಲ್ಲದೆ ಬರುವ ಬಿಳುಪಿನ ಕ್ರೀಮುಗಳಲ್ಲಿ ಅಡಗಿರುವ ಪಾದರಸ. ಚರ್ಮದ ವರ್ಣದ್ರವ್ಯದ ಉತ್ಪತ್ತಿಯನ್ನು ಪಾದರಸ ತಡೆಯುವುದರಿಂದ ಮುಖ ಬೆಳ್ಳಗಾಗುವುದು ನಿಜ; ಆದರೆ ಅದು ಚರ್ಮದಲ್ಲಿ ನಿಲ್ಲದೆ ರಕ್ತಕ್ಕಿಳಿದು ಮೂತ್ರಪಿಂಡವನ್ನು ಸೇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ವೈದ್ಯರು 2021 ಮತ್ತು 2023ರ ನಡುವೆ, ಮೂತ್ರದಲ್ಲಿ ಪ್ರೋಟೀನು ಸೋರಿ ಕಾಲು ಬಾತುಕೊಳ್ಳುವ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದಾಗ, ಅವರಲ್ಲಿ 15 ಮಂದಿಯಲ್ಲಿ ಒಂದು ಅಪೂರ್ವ ಪ್ರಭೇದವನ್ನು ಗುರುತಿಸಿದರು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮುಗಳನ್ನು ಹಚ್ಚುತ್ತಿದ್ದವರಾಗಿದ್ದರು. ಕಣ್ಣಿನ ಅಲಂಕಾರದ ವಸ್ತುಗಳನ್ನುಳಿದು ಬೇರಾವ ಸೌಂದರ್ಯವರ್ಧಕಕ್ಕೂ ಪಾದರಸವನ್ನು ಬೆರಸಕೂಡದೆಂದು ನಮ್ಮ 2020ರ ನಿಯಮಗಳು ಹೇಳುತ್ತವೆ. ಆ ನಿಯಮವನ್ನು ಕಣ್ತಪ್ಪಿಸಿ ಬಂದ ಒಂದು ಡಬ್ಬಿಯನ್ನು ನಂಬಿದ್ದಕ್ಕೆ ಮೂತ್ರಪಿಂಡವನ್ನೇ ಬೆಲೆಯಾಗಿ ತೆರಬೇಕಾಗುವುದು ಎಂತಹ ಅನ್ಯಾಯ!

ಜನ ಈ ಮೇರೆಯನ್ನು ಇಷ್ಟು ಸುಲಭವಾಗಿ ದಾಟುವುದೇತಕ್ಕೆ? ಅಜ್ಞಾನ ಒಂದು ಕಾರಣ. ಆದರೆ ಅದಕ್ಕಿಂತ ಬಲವಾದುದು ನಮ್ಮ ಸಮಾಜದ ವರ್ಣಮೋಹ. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಹೆಂಗಸರಿಗೆಂದು ಮಾರುಕಟ್ಟೆಗೆ ಬಂದಿತು. 2005ರಲ್ಲಿ ‘ಫೇರ್ ಅಂಡ್ ಹ್ಯಾಂಡ್ಸಮ್’ ಗಂಡಸರಿಗೂ ಅದೇ ಆಸೆಯನ್ನು ಹಂಚಿತು. 2020ರಲ್ಲಿ ಮೊದಲನೆಯದು ‘ಗ್ಲೋ ಅಂಡ್ ಲವ್ಲಿ’ ಎಂದು ಹೆಸರನ್ನು ತಿದ್ದಿಕೊಂಡಿತು. ಹೆಸರು ತಿದ್ದಿದರೇನು, ಮನಸ್ಸು ತಿದ್ದಲಿಲ್ಲ. ಪತ್ರಿಕೆಗಳ ವಧೂವರರ ಅಂಕಣದಲ್ಲಿ ವಿದ್ಯೆ, ಉದ್ಯೋಗ, ಗೋತ್ರಗಳ ಜೊತೆಗೆ ಬೆಳ್ಳಗೆ, ಎಣ್ಣೆಗೆಂಪು, ಗೋಧಿಬಣ್ಣವೆಂಬ ಮಾತುಗಳು ಇಂದಿಗೂ ಅಚ್ಚಾಗುತ್ತಿವೆ. ಹೆಣ್ಣು ನೋಡಲು ಬಂದವರು ಆಡುವ ಮೊದಲ ಪಿಸುಮಾತು ಇಂದಿಗೂ ಬಣ್ಣದ್ದೇ. ನಮ್ಮ ನಾಡಿನ ಉರಿಬಿಸಿಲಿನಿಂದ ದೇಹವನ್ನು ಕಾಯಲೆಂದು ಪ್ರಕೃತಿ ಕೊಟ್ಟಿರುವ ಕವಚವೇ ಈ ಕಪ್ಪು ವರ್ಣದ್ರವ್ಯ. ಬಿಳಿಯ ಚರ್ಮದವರನ್ನು ಹೆಚ್ಚಾಗಿ ಕಾಡುವ ಚರ್ಮದ ಅರ್ಬುದವೂ ಬಹುಬೇಗನೆ ಮೂಡುವ ಸುಕ್ಕುಗಳೂ ನಮ್ಮಲ್ಲಿ ಕಡಿಮೆಯಾಗಿರುವುದು ಅದರ ಅನುಗ್ರಹದಿಂದ. ಅಂಥ ಅನುಗ್ರಹವನ್ನು ದೋಷವೆಂದು ಮಕ್ಕಳಿಗೆ ಕಲಿಸುವುದು ಕೃತಘ್ನತೆ ಮಾತ್ರವಲ್ಲ, ಕ್ರೌರ್ಯವೂ ಹೌದು. ಮೊಡವೆಗೆ, ಬಂಗಿಗೆ ಚಿಕಿತ್ಸೆ ಬೇಡುವುದು ಒಂದು. ಹುಟ್ಟುಬಣ್ಣಕ್ಕೇ ಚಿಕಿತ್ಸೆ ಬೇಡುವುದು ಇನ್ನೊಂದು. ಮೊದಲನೆಯದು ರೋಗಕ್ಕೆ ಮದ್ದು; ಎರಡನೆಯದರಲ್ಲಿ ರೋಗವಿರುವುದು ನೋಡುವವರ ಕಣ್ಣಿನಲ್ಲಿ.

ಕೊನೆಯದಾಗಿ ಸೂಜಿ ಮತ್ತು ಲೇಸರುಗಳ ವಿಚಾರ. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಸೂಕ್ಷ್ಮಾಣುವಿನ ಘೋರ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಸ್ನಾಯುವಿಗೆ ಚುಚ್ಚಿ, ನರದ ಸಂದೇಶವನ್ನು ಮೂರು ನಾಲ್ಕು ತಿಂಗಳ ಮಟ್ಟಿಗೆ ತಡೆದು, ಹುಬ್ಬುಗಳ ನಡುವಣ ಗೆರೆಗಳನ್ನು ಸಡಿಲಿಸಬಹುದೆಂಬುದನ್ನು ಕೆನಡದ ಕರುದರ್ಸ್ ದಂಪತಿಗಳು 1992ರಲ್ಲಿ ಪ್ರಕಟಿಸಿದರು. 2002ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ಅನುಮತಿಯಿತ್ತಿತು. ಬೋಟಾಕ್ಸ್ ಎಂದರೆ ಇದೇ. ಹಳ್ಳಬಿದ್ದ ಕೆನ್ನೆಯನ್ನು ತುಂಬುವ ಫಿಲ್ಲರುಗಳಲ್ಲಿ ಬಹುಪಾಲಿನವು ನಮ್ಮ ದೇಹದಲ್ಲಿಯೇ ಇರುವ ಹೈಅಲುರಾನಿಕ್ ಆಮ್ಲದವು. ಲೇಸರಾದರೋ ಕೂದಲ ಬುಡದ ಕಪ್ಪನ್ನು ಗುರಿಯಾಗಿಸಿಕೊಂಡು, ಬೆಳಕನ್ನು ಅಲ್ಲಿ ಕಾವಾಗಿ ಮಾರ್ಪಡಿಸಿ, ಬೇರನ್ನು ಸುಡುತ್ತದೆ. ಮೂರೂ ತಕ್ಕವರ ಕೈಯಲ್ಲಿ ಉಪಕಾರಿಗಳೇ. ಆದರೆ ಬೋಟಾಕ್ಸಿನ ಸೂಜಿ ಕೊಂಚ ಸ್ಥಳ ತಪ್ಪಿದರೆ ಕಣ್ರೆಪ್ಪೆ ಜೋತುಬೀಳುತ್ತದೆ. ಫಿಲ್ಲರು ರಕ್ತನಾಳವನ್ನು ಹೊಕ್ಕರೆ ಚರ್ಮ ಸಾಯಬಹುದು, ದೃಷ್ಟಿಯೇ ಹೋಗಬಹುದು, ಆ ಗಳಿಗೆಯಲ್ಲಿ ಅದನ್ನು ಕರಗಿಸುವ ಹೈಅಲುರಾನಿಡೇಸ್ ಎಂಬ ಔಷಧವೂ ಅದನ್ನು ಕೊಡಬಲ್ಲ ವೈದ್ಯರೂ ಅಲ್ಲಿಯೇ ಇರಬೇಕು. ಬಿಳಿಯ ಚರ್ಮಕ್ಕೆ ಹೊಂದಿಸಿದ ಲೇಸರನ್ನು ನಮ್ಮ ಕಂದುಬಣ್ಣದ ಕೆನ್ನೆಗೆ ಹಾಗೆಯೇ ಹಿಡಿದರೆ, ಅದು ಕೂದಲ ಬುಡವನ್ನು ಬಿಟ್ಟು ಚರ್ಮದ ಕಪ್ಪನ್ನೇ ಸುಟ್ಟು ಮಾಯದ ಕಲೆಯನ್ನು ಉಳಿಸುತ್ತದೆ. ಇದಲ್ಲದೆ, ಗಲ್ಲದಲ್ಲಿ ಕೂದಲು ಬೆಳೆದ ಹುಡುಗಿಯ ಮುಟ್ಟು ಕ್ರಮತಪ್ಪಿದ್ದರೆ ಅಂಡಾಶಯದ, ಹಾರ್ಮೋನುಗಳ ಪರೀಕ್ಷೆ ಮೊದಲು ಆಗಬೇಕೆಂಬುದನ್ನು ವೈದ್ಯರಲ್ಲದೆ ಬೇರಾರು ಹೇಳಬಲ್ಲರು? ಕೂದಲು ನಾಟಿಯ ವಿಷಯದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯು 2022ರಲ್ಲಿ, ಕಾರ್ಯಾಗಾರದಲ್ಲಿಯೋ ಯೂಟ್ಯೂಬಿನಲ್ಲಿಯೋ ನೋಡಿದ ಮಾತ್ರಕ್ಕೆ ಅದು ಶಿಕ್ಷಣವಾಗದೆಂದು ತಿಳಿಸಿತು. ಮುಖಕ್ಕೆ ಸೂಜಿ ಹಿಡಿಯುವವರಿಗೂ ಅದೇ ಮಾತು ಸಲ್ಲತಕ್ಕದ್ದು.

ಹಾಗಾದರೆ ಮಾಡತಕ್ಕದ್ದೇನು? ಹೊಸ ಕಾಯಿದೆಗಳು ಬೇಕಿಲ್ಲ. ಇರುವವನ್ನು ನಡೆಸಿದರೆ ಸಾಕು. ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳು ಚೀಟಿಯಿಲ್ಲದೆ ಸ್ಟೀರಾಯ್ಡ್ ಲೇಪ ಮಾರುವ ಅಂಗಡಿಗಳನ್ನು ದಂಡಿಸಲಿ, ವಿಳಾಸವಿಲ್ಲದ ಕ್ರೀಮುಗಳನ್ನು ಪಾದರಸದ ಪರೀಕ್ಷೆಗೆ ಒಪ್ಪಿಸಲಿ. ನಮ್ಮ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಮೇರೆಗೆ, ಚಿಕಿತ್ಸೆ ನೀಡುವ ಪ್ರತಿಯೊಂದು ಖಾಸಗಿ ಸಂಸ್ಥೆಯೂ ನೋಂದಾಯಿಸಿಕೊಂಡಿರಬೇಕು. ಸೂಜಿಯನ್ನೋ ಲೇಸರನ್ನೋ ಬಳಸುವ ಪಾರ್ಲರು ಈ ಕಟ್ಟಳೆಗೆ ಹೊರತಲ್ಲವೆಂಬುದನ್ನು ಪ್ರತಿ ಜಿಲ್ಲೆಯ ಅಧಿಕಾರಿಗಳೂ ಮನಗಾಣಿಸಲಿ. ಪತ್ರಿಕೆಗಳು, ನಾನು ಬರೆಯುತ್ತಿರುವ ಈ ಪತ್ರಿಕೆಯೂ ಸೇರಿದಂತೆ, ವಾರದಲ್ಲಿ ಬೆಳ್ಳಗಾಗಿಸುವ ಜಾಹೀರಾತನ್ನೂ ಬಣ್ಣ ಕೇಳುವ ವಧೂವರರ ಪ್ರಕಟಣೆಯನ್ನೂ ಅಚ್ಚುಹಾಕುವುದಿಲ್ಲವೆಂದು ತೀರ್ಮಾನಿಸಲಿ. ಅದರಿಂದಾಗುವ ನಷ್ಟ ಸ್ವಲ್ಪ, ಉಪಕಾರ ಬಹಳ.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮುಖವನ್ನು ತೊಳೆಯಿರಿ, ಎಣ್ಣೆ ಹಚ್ಚಿರಿ, ಗಡ್ಡವನ್ನು ಬೋಳಿಸಿರಿ ಅಥವಾ ಚೆಂದವಾಗಿ ಬೆಳೆಸಿರಿ, ಹುಬ್ಬನ್ನು ತಿದ್ದಿಸಿರಿ, ಬಿಸಿಲಿಗೆ ಹೊರಡುವಾಗ ಸನ್‌ಸ್ಕ್ರೀನ್ ಸವರಿರಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಮುಖಕ್ಕೆ ಹಚ್ಚುವ ಟ್ಯೂಬಿನ ಮೇಲೆ ಕೆಂಪು ಗೆರೆ ಕಂಡಲ್ಲಿ, ಸೂಜಿ ಕಂಡಲ್ಲಿ, ಲೇಸರು ಕಂಡಲ್ಲಿ ಒಂದು ಗಳಿಗೆ ನಿಂತು, ಮುಂದಿರುವವರ ವೈದ್ಯಕೀಯ ನೋಂದಣಿಯ ಸಂಖ್ಯೆಯನ್ನು ಕೇಳಿರಿ. ನಿಜವಾದ ವೈದ್ಯರು ಆ ಪ್ರಶ್ನೆಗೆ ಮುನಿಯುವುದಿಲ್ಲ. ಮುನಿಯುವವರ ಕೈಗೆ ನಿಮ್ಮ ಮುಖವನ್ನು ಒಪ್ಪಿಸಬೇಡಿರಿ.