ಹಬ್ಬದಲ್ಲಿ ಮಿಕ್ಕ ಅನ್ನ ಹಸುವಿಗೆ ಬೇಡ
ರೊಳ್ಳ ಸೀಮೆಯ ನಾವು ಕ್ರಿಸ್ಮಸ್ ಊಟದಲ್ಲಿ ಮಿಕ್ಕ ಅನ್ನ, ಪಾಯಸವನ್ನೆಲ್ಲ ಕಲಗಚ್ಚಿನ ಬಾನಿಗೆ ಸುರಿದು, ‘ಹಸುವಿಗೂ ಹಬ್ಬವಾಗಲಿ’ ಎನ್ನುತ್ತೇವೆ. ಇದು ಪ್ರೀತಿಯಲ್ಲ, ಅಪಾಯ. ಹುಲ್ಲಿಗೆ ಒಗ್ಗಿದ ಹಸು ಒಮ್ಮೆಲೇ ಬಹಳ ಅನ್ನ ತಿಂದರೆ ಅದು ಹೊಟ್ಟೆಯಲ್ಲಿ ಹುಳಿತು ಆಮ್ಲವೇರುತ್ತದೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಒಂದೆರಡು ದಿನದಲ್ಲಿ ಸಾಯಲೂಬಹುದು. ಹಾಲು ಮಾರಿ ಮಕ್ಕಳ ಫೀಜು ಕಟ್ಟುವ ಮನೆಗೆ ಇದಕ್ಕಿಂತ ನಷ್ಟವುಂಟೆ? ನಾಯಿಗೂ ಬೆಂದ ಕೋಳಿಮೂಳೆ ಬೇಡ. ಅದು ಸೀಳಿ ಕರುಳಿಗೆ ಚುಚ್ಚೀತು.

ಮಿಕ್ಕ ಅಡಿಗೆಯನ್ನು ಕೆಡುವ ಮುನ್ನವೇ ನೆರೆಮನೆಗೆ ಹಂಚೋಣ. ಹಸುವಿಗೆ ಎಂದಿನ ರಾಗಿಹುಲ್ಲು, ಶುದ್ಧ ನೀರೇ ಹಬ್ಬ. ಮೆಲುಕು ನಿಂತರೆ ನಾಟಿ ಮದ್ದಿಗೆ ಕಾಯದೆ 1962 ನಂಬರಿಗೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸೋಣ.