ನೌರುಹೋಯಿ ಶಿಖರ ಹತ್ತಬೇಡಿ

ಬ್ಯಾಗ್ ಬೆನ್ನಿಗೇರಿಸಿ ನ್ಯೂಜಿಲೆಂಡಿನ ಟೊಂಗಾರಿರೋಗೆ ಹೊರಟ ಹುಡುಗರು ನನ್ನನ್ನು ಕೇಳುವುದು ನೌರುಹೋಯಿ ಶಿಖರದ ದಾರಿ. ಹತ್ತಬೇಡಿ ಅನ್ನುತ್ತೇನೆ. ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದ ಬೆಂಕಿಬೆಟ್ಟ ಅದೇ, ನಿಜ. ಆದರೆ ಮಾವೋರಿಗಳಿಗೆ ಅದು ಪೂಜ್ಯ. ಅವರ ನಾಯಕ ಹೊರೊನುಕು ಟೆ ಹ್ಯೂಹ್ಯೂ 1887ರಲ್ಲಿ ಇದೂ ಸೇರಿ ಇಲ್ಲಿನ ಶಿಖರಗಳನ್ನು ಸರ್ಕಾರಕ್ಕೆ ಒಪ್ಪಿಸಿದ್ದರಿಂದಲೇ ಅಲ್ಲಿ ರಾಷ್ಟ್ರೀಯ ಉದ್ಯಾನ ಹುಟ್ಟಿತು. ತುದಿ ಹತ್ತಬೇಡಿ ಎಂಬ ಕೊಟ್ಟವರ ಕೋರಿಕೆಯನ್ನು ನಾವು ಮೀರುವುದು ಸರಿಯೇ?

ಶಿಖರ ಬಿಟ್ಟರೂ, ಟೊಂಗಾರಿರೋ ದಾಟುವ ಸುಮಾರು 20 ಕಿಲೋಮೀಟರ್ ಚಾರಣವೇನು ಕಡಿಮೆಯೇ! ರೆಡ್ ಕ್ರೇಟರ್ ಇಳಿಜಾರಿನಲ್ಲಿ ಸಡಿಲ ಜಲ್ಲಿ ಬೂಟಿನಡಿ ಜಾರುತ್ತದೆ, ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ, ಕೆಳಗೆ ಹಚ್ಚಹಸಿರು ಎಮರಾಲ್ಡ್ ಕೆರೆಗಳು. ಅದೇ ಗೌರವದಿಂದ ಆ ನೀರನ್ನೂ ಮುಟ್ಟಬೇಡಿ. ಮಳೆಯಂಗಿ, ಬೆಚ್ಚನೆ ಬಟ್ಟೆ ಇರಲಿ. ಹವೆ ಕೆಟ್ಟರೆ ಹಿಂದಿರುಗಿ. ಈ ನೆಲ ಇನ್ನೂ ಆರಿಲ್ಲ: 2012ರಲ್ಲಿ ಟೆ ಮಾರಿ ಕುಳಿ ಸಿಡಿದಾಗ ಬಂಡೆಗಳು ಕೆಟೆಟಾಹಿ ತಂಗುಮನೆಯ ಮಾಡನ್ನೇ ತೂತುಮಾಡಿದ್ದವು.